ಎಂಟು ಪೇಪರು

ವೆಂಕೋಬ ಬಸ್ಸಿನ ಬಾಗಿಲಲ್ಲಿ ನಿಂತೇ ಕೈಚೀಲವನ್ನು ಕೆಳಗಿಳಿಸಿದ. "ಹಿಡ್ಕೋರಿ ಮಾಸ್ತರ, ದೇವದುರ್ಗದ್ದು. ಈ ಸಲ ಭಾಳ ವಜ್ಜಿ ಅದ," ಎಂದವನೇ ಟಿಕೆಟ್ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಚಹಾ ಕುಡಿಯಲು ಹೊರಟ. ಈರಯ್ಯನಿಗೆ ಮನೆಗೆ ಹೋಗುವವರೆಗೂ ತಡೆಯಲಾಗಲಿಲ್ಲ. ಮಾನ್ವಿ ಬಸ್ ನಿಲ್ದಾಣದ ಬೇವಿನ ಕಟ್ಟೆಯ ಮೇಲೆ ಕೂತು ಚೀಲ ಬಿಚ್ಚಿದ. ಮೇಲಿದ್ದ ಪುಸ್ತಕವನ್ನು ನಡುವೆ ತೆರೆದ. ಅಂಚಿನಲ್ಲಿ ಪೆನ್ಸಿಲ್ ಗೆರೆ. ಇಪ್ಪತ್ತು ಪುಟ ಮಗುಚಿದ, ಅಲ್ಲೂ ಗೆರೆ. ಕೊನೆಯ ಅಧ್ಯಾಯಕ್ಕೆ ಹೋದ, ಅಲ್ಲೂ ಪಟ್ಟಿ ಇಟ್ಟು ಎಳೆದಂತಹ ನೆಟ್ಟನೆಯ ಗೆರೆಗಳು, ಪಕ್ಕದಲ್ಲಿ ಒಂದು, ಎರಡು, ಮೂರು ಎಂದು ಅಂಕಿಗಳು. ಅದು ಆರನೇ ಪೇಪರಿನ ಪುಸ್ತಕ.

ಆರನೇ ಪೇಪರನ್ನು ಅವರು ಓದಬೇಕಾಗಿದ್ದುದು ಬರುವ ವರ್ಷ.

ಈರಯ್ಯ ಮಾನ್ವಿಯ ಹೈಸ್ಕೂಲಿನಲ್ಲಿ ಮಾಸ್ತರ. ಅವನ ಗೆಳೆಯ ಮಹಮ್ಮದ್ ಹುಸೇನ್ ದೇವದುರ್ಗದ ಹೈಸ್ಕೂಲಿನಲ್ಲಿ. ಬಿ.ಎಡ್. ಓದುವಾಗ ಒಂದೇ ಕೋಣೆಯಲ್ಲಿದ್ದು ಒಂದೇ ಸ್ಟೋವಿನ ಮೇಲೆ ಅನ್ನ ಬೇಯಿಸಿಕೊಂಡವರು. ಎಪ್ಪತ್ತೆಂಟರ ದಸರೆ ರಜೆಯಲ್ಲಿ ಇಬ್ಬರೂ ಸಿರವಾರದ ಒಂದು ಹೋಟೆಲಿನಲ್ಲಿ ಕೂತು, ಖಾಸಗಿಯಾಗಿ ಇತಿಹಾಸದ ಎಂ.ಎ. ಕಟ್ಟುವುದೆಂದು ತೀರ್ಮಾನಿಸಿದ್ದರು. ಒಟ್ಟು ಎಂಟು ಪೇಪರು. ಎಂಟನ್ನೂ ಒಂದೇ ಏಪ್ರಿಲ್ ತಿಂಗಳಲ್ಲಿ ಬರೆಯಬಹುದಿತ್ತು. ಆದರೆ ಒಂದರಲ್ಲಿ ಜಾರಿದರೂ ಎಂಟಕ್ಕೆಂಟೂ ಹೋದಂತೆ, ಮತ್ತೆ ಮೊದಲಿನಿಂದ ಶುರು. ಇಲ್ಲವೇ ಈ ವರ್ಷ ನಾಲ್ಕು, ಬರುವ ವರ್ಷ ನಾಲ್ಕು. ಹಾಗೆ ಬರೆದರೆ ಪಾಸಾದದ್ದು ಪಾಸಾದ ಹಾಗೆಯೇ ಉಳಿಯುತ್ತಿತ್ತು.

"ನಮಗೇನು ಅವಸರ ಅದಲೇ ಈರಯ್ಯಾ? ಸಾಲಿ ನಡಸ್ಕೊಂತ ಎಂಟು ಪೇಪರು ಓದಿದ್ರ ತೆಲಿ ಕೆಡ್ತದ," ಎಂದಿದ್ದ ಹುಸೇನ್, ಮಿರ್ಚಿ ಭಜಿಯ ಖಾರಕ್ಕೆ ಬಾಯಿ ಹಾ ಹಾ ಮಾಡುತ್ತ. "ನಾಕು ನಾಕು ಬರಿಯೂಣು. ಜೋಡೀಲೇ."

"ಜೋಡೀಲೇ," ಎಂದು ಈರಯ್ಯನೂ ಒಪ್ಪಿದ್ದ.

ಪುಸ್ತಕ ಕೊಂಡದ್ದೂ ಜೋಡಿಯಲ್ಲೇ, ಇಬ್ಬರಿಗೂ ಸೇರಿ ಒಂದೇ ಸೆಟ್ಟು. ವಾರಕ್ಕೊಮ್ಮೆ ಅವು ವೆಂಕೋಬನ ಬಸ್ಸಿನಲ್ಲಿ ಮಾನ್ವಿಯಿಂದ ದೇವದುರ್ಗಕ್ಕೆ, ದೇವದುರ್ಗದಿಂದ ಮಾನ್ವಿಗೆ ಓಡಾಡುತ್ತಿದ್ದವು. ದಪ್ಪ ಪುಸ್ತಕಗಳಿಗೆ ಹುಸೇನ್ ಬೇರೊಂದು ಉಪಾಯ ಕಂಡುಹಿಡಿದಿದ್ದ. ಬ್ಲೇಡಿನಿಂದ ಬೆನ್ನು ಸೀಳಿ ಎರಡು ಮಾಡಿ, ಒಂದೊಂದು ಅರ್ಧಕ್ಕೂ ರಟ್ಟು ಅಂಟಿಸಿ, ಹಳೆಯ ಲುಂಗಿಯ ಬಟ್ಟೆ ಹೊದಿಸಿ ಹೊಲಿದಿದ್ದ. ಮೊದಲರ್ಧ ಒಬ್ಬನ ಹತ್ತಿರ ಇದ್ದಾಗ ಕೊನೆಯರ್ಧ ಇನ್ನೊಬ್ಬನ ಹತ್ತಿರ. ನೋಡಿದವರೆಲ್ಲ ನಗುತ್ತಿದ್ದರು, ಇವರು ಹೆಮ್ಮೆಪಡುತ್ತಿದ್ದರು.

ಈಗ ಆ ಹೆಮ್ಮೆಯೆಲ್ಲ ಈರಯ್ಯನ ಹೊಟ್ಟೆಯಲ್ಲಿ ಉರಿಯಾಗಿ ಎದ್ದಿತ್ತು. ಆ ಉರಿಗೆ ಕಾರಣವೂ ಇತ್ತು. ಮಾನ್ವಿಯಲ್ಲಿ ಜೂನ್ ತಿಂಗಳಿಂದ ಜೂನಿಯರ್ ಕಾಲೇಜು ಶುರುವಾಗುವುದೆಂದು ಸುದ್ದಿಯಿತ್ತು. ಇತಿಹಾಸಕ್ಕೆ ಒಬ್ಬರೇ ಉಪನ್ಯಾಸಕರು. ನೇಮಕ ಆಗಸ್ಟಿನಲ್ಲಿ, ಅಷ್ಟರೊಳಗೆ ಯಾರ ಕೈಯಲ್ಲಿ ಎಂ.ಎ. ಇರುತ್ತದೋ ಅವರಿಗೆ. ನಾಲ್ಕು ನಾಲ್ಕು ಬರೆಯುವವನಿಗೆ ಆಗಸ್ಟಿನಲ್ಲಿ ಅರ್ಧ ಎಂ.ಎ. ಇರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಸುದ್ದಿ ಕಿವಿಗೆ ಬಿದ್ದ ದಿನ ಈರಯ್ಯ ಹುಸೇನನಿಗೆ ತಿಳಿಸಬೇಕೆಂದು ಕಾರ್ಡು ತಂದಿದ್ದ. ಬರೆಯಲಿಲ್ಲ. ಇವತ್ತು ಗೆರೆಗಳನ್ನು ನೋಡಿದ ಮೇಲೆ ಗೊತ್ತಾಯಿತು, ಸುದ್ದಿ ಮುಟ್ಟಬೇಕಾದಲ್ಲಿಗೆ ಮುಟ್ಟಿಯೇ ಇದೆ. ಸಿರವಾರದಲ್ಲಿ ಕೂತು ಅವಸರವೇನು ಎಂದು ಕೇಳಿದವನು ದೇವದುರ್ಗದಲ್ಲಿ ಕೂತು ಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದಾನೆ. ಅದೂ ತನ್ನ ಊರಿನ ಕಾಲೇಜಿಗೆ!

"ಮೋಸಗಾರ," ಎಂದು ಗಟ್ಟಿಯಾಗಿಯೇ ಅಂದ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ತನಗೇ ಅಂದನೆಂದು ತಿಳಿದು ಎದ್ದು ಆಚೆ ಹೋದಳು.

ಅವತ್ತಿನಿಂದ ಈರಯ್ಯ ನಸುಕಿನಲ್ಲಿ ಎದ್ದು ಕೂರತೊಡಗಿದ. ಹೆಂಡತಿ ಬಸವಂತಮ್ಮ ರೊಟ್ಟಿ ಬಡಿಯಲು ಏಳುವ ಹೊತ್ತಿಗೆ ಅವನದು ಒಂದು ಅಧ್ಯಾಯ ಮುಗಿದಿರುತ್ತಿತ್ತು. ಫೆಬ್ರವರಿಯಲ್ಲಿ ಪರೀಕ್ಷೆಯ ಅರ್ಜಿ ತುಂಬುವಾಗ ಪೆನ್ನು ಒಂದು ಗಳಿಗೆ ನಿಂತಿತು. ಎಂಟೂ ಪೇಪರುಗಳ ಮುಂದೆ ಗುರುತು ಹಾಕಿದ. ಹುಸೇನನಿಗೆ ಬರೆದ ಚೀಟಿಯಲ್ಲಿ ಮಾತ್ರ, "ನನ್ನ ನಾಲ್ಕರ ಅರ್ಜಿ ಕಳಿಸಿದೆ" ಎಂದು ಬರೆದ.

"ಖರೆ ಹೇಳ್ರಿ," ಎಂದಳು ಬಸವಂತಮ್ಮ. "ಎಂಟು ನಿಮ್ಮಿಂದ ಆಗ್ತದ? ಮೊನ್ನಿ ಬಜಾರಕ್ಕ ಹೋಗಿ ಉಪ್ಪು ಮರತು ಬಂದೀರಿ."

"ಅವ ಬರದ್ರ ನಾ ಯಾಕ ಬರೀಬಾರದು?"

"ಯಾರು?"

"ಯಾರೂ ಇಲ್ಲ."

ಬಸವಂತಮ್ಮ ಗಂಡನ ಮುಖವನ್ನು ಒಮ್ಮೆ ನೋಡಿ ರೊಟ್ಟಿ ಮಗುಚಿದಳು. ಹೊಟ್ಟೆಕಿಚ್ಚಿಗೆ ಹೆಸರು ಬೇಕಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮಾರ್ಚ್ ಮೊದಲ ವಾರ ವೆಂಕೋಬನ ಚೀಲದಲ್ಲಿ ಹುಸೇನನ ಚೀಟಿ ಬಂತು. "ಎಂಟನೇ ಪೇಪರಿನ ದಪ್ಪ ಪುಸ್ತಕದ ಕೊನೆಯರ್ಧ ನಿನ್ನ ಹತ್ತಿರ ಇದೆಯಲ್ಲ, ಅದನ್ನು ಕಳಿಸು. ಸುಮ್ಮನೆ ನೋಡಲಿಕ್ಕೆ." ಸುಮ್ಮನೆ ನೋಡಲಿಕ್ಕೆ! ಈರಯ್ಯ ಆ ಎರಡು ಶಬ್ದಗಳನ್ನು ಹತ್ತು ಸಲ ಓದಿದ. ಎಂಟನೆಯದು ದಖ್ಖನದ ಚರಿತ್ರೆ. ಬಹಮನಿಗಳು, ವಿಜಯನಗರ, ಕೃಷ್ಣೆ ತುಂಗಭದ್ರೆಯರ ನಡುವಿನ ರಾಯಚೂರು ದೋಆಬಿಗಾಗಿ ಇನ್ನೂರು ವರ್ಷ ನಡೆದ ಕಿತ್ತಾಟ, ಎಲ್ಲ ಇದ್ದದ್ದು ಆ ಕೊನೆಯರ್ಧದಲ್ಲೇ. ದೋಆಬಿನ ಮೇಲೆ ಒಂದು ಪ್ರಶ್ನೆ ಬಾರದ ವರ್ಷವೇ ಇರಲಿಲ್ಲ. ಈರಯ್ಯ ಶಾಲೆಯಲ್ಲೇ ಕೂತು ಉತ್ತರ ಬರೆದ: "ಅದನ್ನು ನಮ್ಮ ಹೆಡ್‌ಮಾಸ್ತರು ಒಯ್ದಿದ್ದಾರೆ. ರಜೆಯ ಮೇಲೆ ಊರಿಗೆ ಹೋದರು. ಬಂದ ಮೇಲೆ ಕಳಿಸುತ್ತೇನೆ." ಸಂಜೆ ಮನೆಗೆ ಹೋಗಿ ಪುಸ್ತಕವನ್ನು ಟ್ರಂಕಿನಲ್ಲಿ, ಬಸವಂತಮ್ಮನ ಮದುವೆ ಸೀರೆಯ ಕೆಳಗಿಟ್ಟ.

ಅವನು ಆ ಚೀಟಿ ಬರೆಯುವಾಗ ಹೆಡ್‌ಮಾಸ್ತರು ಪಕ್ಕದ ಕೋಣೆಯಲ್ಲೇ ಒಂಬತ್ತನೇ ತರಗತಿಗೆ ಗದರುತ್ತಿದ್ದರು.

ಎರಡು ಸಲ ಮತ್ತೆ ಚೀಟಿ ಬಂತು. ಎರಡು ಸಲವೂ ಹೆಡ್‌ಮಾಸ್ತರು ಊರಿನಿಂದ ಬಂದಿರಲಿಲ್ಲ. ಕೊನೆಗೆ ಮಾರ್ಚ್ ಮುಗಿಯುವಾಗ ಒಂದು ಕಾರ್ಡು: "ನಾನು ಈ ವರ್ಷ ಬರೆಯುತ್ತಿಲ್ಲ ಮಾರಾಯ, ಮನೆಯಲ್ಲಿ ಅನುಕೂಲವಿಲ್ಲ. ನೀನು ನಾಲ್ಕೂ ಚೆನ್ನಾಗಿ ಬರಿ." ಈರಯ್ಯ ಅದನ್ನು ನಂಬುವಷ್ಟು ದಡ್ಡನಾಗಿರಲಿಲ್ಲ. ತನ್ನ ಕಣ್ಣಿಗೆ ಮಣ್ಣೆರಚಿ ಒಬ್ಬನೇ ಹೋಗಿ ಎಂಟೂ ಬರೆದು ಬರುವ ಉಪಾಯ ಇದೆಂದು ಅವನಿಗೆ ಕೂಡಲೇ ಹೊಳೆಯಿತು. ತಾನು ಮಾಡುತ್ತಿದ್ದುದೂ ಅದನ್ನೇ ಎಂಬುದು ಮಾತ್ರ ಹೊಳೆಯಲಿಲ್ಲ.

ಏಪ್ರಿಲ್‌ನಲ್ಲಿ ರಾಯಚೂರು ಕಾದ ಹಂಚು. ದಿನ ಬಿಟ್ಟು ದಿನ ಪೇಪರು, ಬೆಳಿಗ್ಗೆ ಹನ್ನೊಂದಕ್ಕೆ. ಈರಯ್ಯ ಅತ್ತೆಯ ಕಡೆಯ ಸಂಬಂಧಿಕರ ಮನೆಯಲ್ಲಿ ಉಳಿದುಕೊಂಡು ಮೊದಲ ದಿನ ಒಂದು ಗಂಟೆ ಮುಂಚೆಯೇ ಪರೀಕ್ಷೆ ನಡೆಯುವ ಕಾಲೇಜಿಗೆ ಹೋದ. ಗೇಟಿನ ಒಳಗೆ ಹುಣಸೆಮರದ ನೆರಳಲ್ಲಿ ಹುಸೇನ್ ನಿಂತಿದ್ದ. ಅದೇ ಬಿಳಿ ಪೈಜಾಮ, ಅದೇ ಎಣ್ಣೆ ಹಚ್ಚಿದ ತಲೆ. ಈರಯ್ಯನಿಗೆ ಗೆದ್ದಷ್ಟು ಸಂತೋಷವಾಯಿತು. ಸಿಕ್ಕಿಬಿದ್ದೆ ಮಗನೇ, ಎಂದುಕೊಂಡು ಹತ್ತಿರ ಹೋದ.

"ಬರಿಯಂಗಿಲ್ಲ ಅಂದಿದ್ದಿ?"

"ನಾ ಎಲ್ಲಿ ಬರೀತೀನೋ," ಎಂದು ಹುಸೇನ್ ನಕ್ಕು ಪಕ್ಕಕ್ಕೆ ಸರಿದ. ಅವನ ಹಿಂದೆ ಮರದ ಬುಡದಲ್ಲಿ ಬುರ್ಖಾದ ಹೆಂಗಸೊಬ್ಬಳು ಮುಸುಕನ್ನು ಹಿಂದಕ್ಕೆ ಸರಿಸಿಕೊಂಡು, ಮೊಣಕಾಲ ಮೇಲೆ ಟಿಪ್ಪಣಿಯ ವಹಿ ಇಟ್ಟುಕೊಂಡು ಓದುತ್ತಿದ್ದಳು. ವಹಿಯ ತುಂಬ ಪಟ್ಟಿ ಇಟ್ಟು ಎಳೆದ ನೆಟ್ಟನೆಯ ಪೆನ್ಸಿಲ್ ಗೆರೆಗಳು, ಪಕ್ಕದಲ್ಲಿ ಅಂಕಿಗಳು. ಹುಸೇನನ ಹೆಂಡತಿ ಗುಲ್ಶನ್ ಬೇಗಂ.

"ಆಕಿ ಬರೀತಾಳ. ಎಂಟೂ," ಎಂದ ಹುಸೇನ್ ದನಿ ತಗ್ಗಿಸಿ. "ಇಲ್ಲೇ ರಾಯಚೂರಾಗ ಬಿ.ಎ. ಮಾಡ್ಯಾಳಲ್ಲ. ನಾ ಓದಾಕ ಕುಂತ್ರ ನನಗಿಂತ ಮೊದಲ ಆಕೀನೇ ಓದಿ ಮುಗಸೋಳು. ಆಮ್ಯಾಲೆ ನನಗ ಕುಂದ್ರಿಸಿ ಪಾಠ ಹೇಳೋಳು! ಇಬ್ರೂ ಓದಿದ್ರ ಮನಿ ನಡಸೋರು ಯಾರು? ನಾ ಬಿಟ್ಟೆ. ನಿನಗ ಹೇಳ್ಬೇಕಂದ್ರ ಬ್ಯಾಡ ಅಂದ್ಳು. ಫೇಲಾದ್ರ ನಗ್ತಾರಂತ ಅಂಜಿಕಿ."

"ಎಂಟು ಯಾಕ? ನಾಕು ನಾಕು ಬರೀಬಹುದಿತ್ತಲ್ಲ," ಎಂದ ಈರಯ್ಯ.

ಗುಲ್ಶನ್ ಬೇಗಂ ವಹಿಯಿಂದ ತಲೆ ಎತ್ತಿದಳು. "ನಿಮಗ ವರ್ಷಾ ಏಪ್ರಿಲ್ ಬರ್ತದ ಭಾಯ್. ನಮ್ಮತ್ತಿ ನನಗ ಒಂದೇ ಏಪ್ರಿಲ್ ಕೊಟ್ಟಾರ. ಪಾಸಾದ್ರ ಆತು, ಇಲ್ಲಾಂದ್ರ ಪುಸ್ತಕ ಮುಚ್ಚಿ ಒಲಿ ಮುಂದ ಕುಂದ್ರು ಅಂದಾರ." ಇಷ್ಟು ಹೇಳಿ ಮತ್ತೆ ವಹಿಗೆ ಬಾಗಿದಳು.

ಈರಯ್ಯನಿಗೆ ನಿರಾಳವಾಗಬೇಕಿತ್ತು. ಹುಸೇನ್ ಮೋಸ ಮಾಡಿರಲಿಲ್ಲ. ಆದರೆ ಹುಸೇನ್ ಅಲ್ಲಿಗೇ ನಿಲ್ಲಿಸಲಿಲ್ಲ. "ನಿಮ್ಮೂರಾಗ ಕಾಲೇಜು ಬರ್ತದಂತಲ್ಲ? ಅದಕ್ಕ ಆಕಿ ಅರ್ಜಿ ಹಾಕ್ಲಿ ಅಂತ ನನ್ನ ವಿಚಾರ. ನಾನೂ ವರ್ಗ ಮಾಡಿಸ್ಕೊಂಡು ಮಾನ್ವಿಗಿ ಬಂದ್ಬಿಡ್ತೀನಿ. ಊರಾಗ ನೀ ಇದ್ದಿ, ನಮಗ ಯಾತರ ಚಿಂತಿ?"

"ಹೌದೌದು," ಎಂದ ಈರಯ್ಯ. ಹೊಟ್ಟೆಯ ಉರಿ ಗೆಳೆಯನನ್ನು ಬಿಟ್ಟು ಗೆಳೆಯನ ಹೆಂಡತಿಯ ಕಡೆ ತಿರುಗಿತು, ಅಷ್ಟೇ. ಆರಲಿಲ್ಲ.

ಗಂಟೆ ಬಾರಿಸುವ ಮುಂಚೆ ಹುಸೇನ್ ಕೇಳಿದ, "ಹೆಡ್‌ಮಾಸ್ತರು ಬಂದ್ರೇನು? ಆ ಪುಸ್ತಕ?"

"ಇಲ್ಲೋ. ಇನ್ನೂ ಬಂದಿಲ್ಲ."

ಪುಸ್ತಕ ಸಂಬಂಧಿಕರ ಮನೆಯಲ್ಲಿ ಅವನ ಹಾಸಿಗೆಯ ಸುರುಳಿಯೊಳಗಿತ್ತು. ಇವತ್ತೇ ತಂದುಕೊಟ್ಟರೆ ಅವಳಿಗೆ ಹದಿನಾಲ್ಕು ದಿನ ಸಿಗುತ್ತಿತ್ತು. ತರಲಿಲ್ಲ. ಎರಡನೇ ಪೇಪರಿನ ದಿನವೂ ತರಲಿಲ್ಲ. ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಹುಸೇನ್ ಹುಣಸೆಮರದ ಕೆಳಗೆ ಡಬ್ಬಿ ಬಿಚ್ಚಿಕೊಂಡು ಕಾಯುತ್ತಿರುತ್ತಿದ್ದ. ಅವರು ಉಳಿದುಕೊಂಡದ್ದು ಗುಲ್ಶನಳ ಚಿಕ್ಕಮ್ಮ ಖಾಸಿಂ ಬೀ ಮನೆಯಲ್ಲಿ. ಆಕೆ ಈರಯ್ಯನಿಗೆಂದೇ ಬೇರೆ ಡಬ್ಬಿಯಲ್ಲಿ ಸಜ್ಜೆರೊಟ್ಟಿ, ಪುಂಡಿಪಲ್ಯ ಕಳಿಸುತ್ತಿದ್ದಳು. "ಸ್ವಾಮಿಗಳ ಮನಿತನದವ್ರು, ನಮ್ಮ ಮಾಂಸದ ಪಾತ್ರಿ ತಾಗಸಬ್ಯಾಡ್ರಿ ಅಂದಾಳ. ಡಬ್ಬಿ ಸೈತ ಹೊಸಾದು," ಎಂದು ಹುಸೇನ್ ಡಬ್ಬಿಯನ್ನು ತಿರುಗಿಸಿ ತೋರಿಸಿದ. ಈರಯ್ಯ ಉಂಡ. ರುಚಿಯಾಗಿತ್ತು. ಉಣ್ಣುತ್ತಲೇ, ಅವಳು ಇವತ್ತು ಎಷ್ಟು ಹೆಚ್ಚುವರಿ ಹಾಳೆ ತೆಗೆದುಕೊಂಡಳು ಎಂದು ಲೆಕ್ಕ ಹಾಕಿದ. ಎರಡು. ತಾನು ಒಂದು.

ಅವಳು ಅವನಿಗಿಂತ ಎರಡು ಸಾಲು ಮುಂದೆ, ಕಿಟಕಿಯ ಪಕ್ಕ ಕೂರುತ್ತಿದ್ದಳು. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಒಮ್ಮೆ ಪೂರ್ತಿ ಓದಿ, ಕಣ್ಣು ಮುಚ್ಚಿ, ಆಮೇಲೆ ಬರೆಯಲು ಶುರುಮಾಡಿದರೆ ಮೂರು ಗಂಟೆ ತಲೆ ಎತ್ತುತ್ತಿರಲಿಲ್ಲ. ಈರಯ್ಯ ಅವಳ ಬಲಗೈಯ ಹಸಿರು ಬಳೆ ಆಡುವುದನ್ನೇ ನೋಡುತ್ತ ತನ್ನ ಅರ್ಧ ಹೊತ್ತು ಕಳೆಯುತ್ತಿದ್ದ.

ನಾಲ್ಕನೇ ಪೇಪರು ಮುಗಿದ ದಿನ ಹುಸೇನ್ ಅವನ ಕೈ ಕುಲುಕಿ ಕಳಿಸಿಕೊಟ್ಟ. "ನಿಂದು ಆತಲ್ಲ. ಹೋಗು, ಮಾನ್ವಿಗಿ ಹೋಗಿ ಆರಾಮ ಮಕ್ಕೋ." ಈರಯ್ಯ ಆಗಲೂ ಬಾಯಿ ಬಿಡಲಿಲ್ಲ. ಮೂರನೇ ದಿನ, ಐದನೇ ಪೇಪರಿಗೆ, ಪ್ಯಾಡು ಹಿಡಿದು ಗೇಟಿನೊಳಗೆ ಬಂದಾಗ ಹುಸೇನನ ಕಣ್ಣು ಪ್ಯಾಡಿನ ಮೇಲಿನ ಹಾಲ್‌ಟಿಕೆಟ್ಟಿಗೆ ಹೋಯಿತು.

"ನೀನೂ ಎಂಟು?"

"ಹೂಂ."

ಹುಸೇನ್ ಹಾಲ್‌ಟಿಕೆಟ್ಟಿನ ಮೇಲಿನ ಎಂಟೂ ಪೇಪರುಗಳ ಹೆಸರಿನ ಮೇಲೆ ಬೆರಳಾಡಿಸಿದ. ಆಮೇಲೆ, "ಹಂಗಾದ್ರ ಆ ಕಾಲೇಜಿಗಿ..." ಎಂದು ಶುರುಮಾಡಿ ಮಾತು ಮುಗಿಸಲಿಲ್ಲ. "ಇರ್ಲಿ. ನೀ ಮೊದಲೇ ಹೇಳಿದ್ರ ಆಗ್ತಿತ್ತು," ಎಂದಷ್ಟೇ ಹೇಳಿದ. ಅವತ್ತು ಡಬ್ಬಿ ಎರಡೇ ಬಂದಿದ್ದವು. ಖಾಸಿಂ ಬೀಗೆ ಈರಯ್ಯ ಬರುವುದು ಗೊತ್ತಿರಲಿಲ್ಲ. ಹುಸೇನ್ ತನ್ನ ಪಾಲನ್ನು ಮುಂದೆ ಸರಿಸಿ, "ಇದು ತತ್ತಿ, ನಿನಗ ನಡಿಯಂಗಿಲ್ಲ. ರೊಟ್ಟಿ ಅಷ್ಟು ತಗೋ," ಎಂದ. ಬೈದಿದ್ದರೆ ಈರಯ್ಯನೂ ಬಾಯಿ ಮಾಡಬಹುದಿತ್ತು. ಬೈಯಲಿಲ್ಲವೆಂದೇ ಅವನಿಗೆ ಗೆಳೆಯನ ಮೇಲೆ ಸಿಟ್ಟು ಬಂತು.

ಏಳನೇ ಪೇಪರು ಮುಗಿಸಿ ಹೊರಗೆ ಬಂದಾಗ ಗುಲ್ಶನ್ ಬೇಗಂ ತಾನಾಗಿಯೇ ಅವನ ಹತ್ತಿರ ಬಂದಳು. ಕಣ್ಣು ಕೆಂಪಗಾಗಿದ್ದವು.

"ಭಾಯ್, ಆ ಕೊನಿ ಅರ್ಧ ನೀವು ಓದೀರಿ ಅಲ್ಲ? ನೆನಪಿದ್ದಷ್ಟು ಹೇಳ್ತೀರೇನು? ಬರಕೊಂತೀನಿ. ಏಳು ಪೇಪರು ಚಲೋ ಆಗ್ಯಾವ. ಈ ಒಂದು ಹೋದ್ರ ಎಲ್ಲಾ ಹೋತು."

ಈರಯ್ಯ ಹೇಳಿದ. ಬಹಮನಿ ಸುಲ್ತಾನರ ಹೆಸರುಗಳು, ಕಾಲ, ಆಡಳಿತ. ಅವಳು ಮರದ ಬೇರಿನ ಮೇಲೆ ಕೂತು, ಪಟ್ಟಿ ಇಟ್ಟು ಅಂಚು ಎಳೆದು, ಅವನ ಬಾಯಿಂದ ಬಿದ್ದದ್ದನ್ನೆಲ್ಲ ಬರೆದುಕೊಂಡಳು. ಅವನು ಕೆಮ್ಮಿದಾಗ ಪೆನ್ಸಿಲ್ ನಿಲ್ಲಿಸಿ ಕಾದಳು.

"ದೋಆಬಿಂದು? ಅದು ಭಾಳ ಕೇಳ್ತಾರಂತ."

"ದೋಆಬಿಂದು ಅದರಾಗ ಹೆಚ್ಚೇನಿಲ್ಲ," ಎಂದ ಈರಯ್ಯ. "ಎರಡು ಸಾಲು ಅದ. ಬಿಟ್ರೂ ನಡೀತದ."

"ಹೆಚ್ಚೇನಿಲ್ಲ" ಎಂಬುದನ್ನೂ ಅವಳು ಬರೆದುಕೊಂಡಳು. ಅಡಿಗೆರೆ ಎಳೆದಳು. "ನಿಮ್ಮಿಂದ ಭಾಳ ಉಪಕಾರ ಆತು ಭಾಯ್," ಎಂದು ಎದ್ದು ಹೋದಳು.

ಮರುದಿನ ಬಿಡುವು. ಈರಯ್ಯ ಹಾಸಿಗೆಯ ಸುರುಳಿ ಬಿಚ್ಚಿ ಪುಸ್ತಕ ತೆಗೆದ. ದೋಆಬಿನದು ನಲವತ್ತು ಪುಟ ಇತ್ತು. ಓದಲು ಕೂತರೆ ಒಂದು ಸಾಲೂ ತಲೆಗೆ ಹತ್ತಲಿಲ್ಲ. ತಾನು ಹೇಳಿದ ಸುಳ್ಳಿನ ಕೆಳಗೆ ಅವಳು ಅಷ್ಟು ನೆಟ್ಟಗೆ ಎಳೆದ ಗೆರೆಯೇ ಪುಟಪುಟಕ್ಕೂ ಕಾಣುತ್ತಿತ್ತು. ನಾಚಿಕೆಯಾಯಿತು. ಮೈಯೆಲ್ಲ ಬೆವೆತು ಎರಡು ಸಲ ಸ್ನಾನ ಮಾಡಿದ. ಒಂದು ಸಲ ಚಪ್ಪಲಿ ಮೆಟ್ಟಿ ಖಾಸಿಂ ಬೀ ಮನೆಯ ಓಣಿಯವರೆಗೂ ಹೋಗಿ, ಮೂಲೆಯಲ್ಲಿ ನಿಂತು ತಿರುಗಿ ಬಂದ. ಕೊಟ್ಟರೆ ಅವಳು ಪಾಸಾಗುತ್ತಾಳೆ. ಪಾಸಾದರೆ ತನಗಿಂತ ಮುಂದೆ ಇರುತ್ತಾಳೆ. ಇದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಎಂಟನೇ ಪೇಪರಿನ ದಿನ ಒಂಬತ್ತಕ್ಕೇ ಕಾಲೇಜಿಗೆ ಹೋದ. ಅವರಿಬ್ಬರೂ ಆಗಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಈರಯ್ಯ ಚೀಲದಿಂದ ಪುಸ್ತಕ ತೆಗೆದು ಅವಳ ಮುಂದೆ ಹಿಡಿದ. ಲುಂಗಿ ಬಟ್ಟೆಯ ಹೊದಿಕೆಯನ್ನು, ತಾನೇ ಹೊಲಿದ ದಾರವನ್ನು ಹುಸೇನ್ ಕೂಡಲೇ ಗುರುತಿಸಿದ.

"ಹೆಡ್‌ಮಾಸ್ತರು ಬಂದ್ರು?"

"ಅವ್ರು ಎಲ್ಲಿಗೂ ಹೋಗಿರಲಿಲ್ಲ. ಒಯ್ದೂ ಇರಲಿಲ್ಲ. ನನ್ನ ಹಂತ್ಯಾಕೇ ಇತ್ತು." ಒಂದೇ ಉಸಿರಿಗೆ ಹೇಳಿದ, ನಿಲ್ಲಿಸಿದರೆ ಮುಂದಿನದು ಬರಲಾರದೆಂದು. "ದೋಆಬಿಂದು ನಲವತ್ತು ಪುಟ ಅದ. ಮೊನ್ನಿ ಹೇಳಿದ್ದು ಸುಳ್ಳು."

ಹುಸೇನ್ ಬಾಯಿ ತೆರೆದ. ಏನನ್ನೋ ದೊಡ್ಡದನ್ನು ಹೇಳುವವನಂತೆ ಎದ್ದು ನಿಂತ. ಅಷ್ಟರಲ್ಲಿ ಗುಲ್ಶನ್ ಬೇಗಂ ಪುಸ್ತಕವನ್ನು ಸೆಳೆದುಕೊಂಡು ಆಗಲೇ ಪುಟ ಮಗುಚುತ್ತಿದ್ದಳು.

"ಎಷ್ಟನೇ ಪುಟ?" ಎಂದಳು, ತಲೆ ಎತ್ತದೆ.

"ಮುನ್ನೂರ ಹನ್ನೆರಡರಿಂದ."

"ಈಗ ಇಬ್ರೂ ಆಚಿ ಹೋಗ್ರಿ. ಮಾತಾಡಬ್ಯಾಡ್ರಿ."

ಇಬ್ಬರೂ ಹುಣಸೆಮರದ ಕಡೆ ಹೋದರು. ಹುಸೇನ್ ಒಂದು ಕಡೆ ನಿಂತ, ಈರಯ್ಯ ಇನ್ನೊಂದು ಕಡೆ. ನಡುವೆ ನಾಲ್ಕು ಮಾರು ದೂರವಿತ್ತು. ಎರಡು ಗಂಟೆ ಹೊತ್ತು ಹುಸೇನ್ ಅವನ ಕಡೆ ತಿರುಗಿ ನೋಡಲಿಲ್ಲ. ಗಂಟೆ ಬಾರಿಸಿದಾಗ ಗುಲ್ಶನ್ ಬೇಗಂ ಪುಸ್ತಕ ಮುಚ್ಚಿ, ಗಂಡನ ಕೈಗೆ ಕೊಟ್ಟು, ಈರಯ್ಯನನ್ನು ದಾಟಿಕೊಂಡು ಒಳಗೆ ಹೋದಳು.

ಮೂರನೇ ಪ್ರಶ್ನೆ ದೋಆಬಿನದೇ ಇತ್ತು. ಈರಯ್ಯ ಅದನ್ನು ಓದಿ ತಲೆ ಎತ್ತಿದ. ಕಿಟಕಿಯ ಪಕ್ಕ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಬರೆಯಲು ಶುರುಮಾಡಿದಳು. ಹಸಿರು ಬಳೆ ಆಡತೊಡಗಿತು. ಕೊಟ್ಟದ್ದು ಒಳ್ಳೆಯದಾಯಿತು ಎಂದು ಈರಯ್ಯನಿಗೆ ನಿಜವಾಗಿಯೂ ಅನ್ನಿಸಿತು. ತನ್ನ ಉತ್ತರವನ್ನೂ ನಿಧಾನವಾಗಿ, ಸಮಾಧಾನದಿಂದ ಬರೆಯುತ್ತ ಹೋದ.

ಒಂದೂವರೆ ಗಂಟೆ ಕಳೆದಿರಬೇಕು. ಮುಂದೆ ಕಿಟಕಿಯ ಹತ್ತಿರ ಒಂದು ಕೈ ಮೇಲೆದ್ದಿತು. ಹಸಿರು ಬಳೆ ಮೊಣಕೈಯವರೆಗೆ ಜಾರಿತು.

"ಹಾಳಿ ಬೇಕ್ರಿ."

ಮೇಲ್ವಿಚಾರಕರು ಹಾಳೆ, ದಾರ ಹಿಡಿದುಕೊಂಡು ಅವಳ ಕಡೆ ನಡೆದರು. ಈರಯ್ಯನ ಪೆನ್ನು ನಿಂತಿತು. ಅವನು ತನ್ನ ಉತ್ತರಪತ್ರಿಕೆಯ ಕೊನೆಯ ಭಾಗವನ್ನು ಮಗುಚಿ ನೋಡಿದ. ಇನ್ನೂ ಐದು ಪುಟ ಖಾಲಿ ಇದ್ದವು. ಅವುಗಳ ಮೇಲೆ ಎಡಗೈ ಮುಚ್ಚಿಟ್ಟು, ಬಲಗೈ ಎತ್ತಿದ.